ಕೊಡಗಿನಲ್ಲಿ ಲೀಸ್ ಮನೆ ಮುಂದುವರಿಸುವುದು ಹೇಗೆ? ಹಳೇ ಪತ್ರದ ಹಿಂದೆ ಒಂದು ಸಾಲು ಬರೆದರೆ ಸಾಲದು

ಮೂರು ವರ್ಷದ ಲೀಸ್ (ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಮನೆ ಬಿಡುವಾಗ ವಾಪಸು ಪಡೆಯುವ ಪದ್ಧತಿ) ಮುಗಿಯುತ್ತಾ ಬಂತು. ಫ್ಲಾಟ್ ಚೆನ್ನಾಗಿದೆ, ಮಕ್ಕಳ ಶಾಲೆ ಹತ್ತಿರ, ಓನರ್ ಕೂಡ ಒಳ್ಳೆಯವರು. ಇನ್ನು ಮೂರು ವರ್ಷ ಇರೋಣ ಅಂತ ಎರಡೂ ಕಡೆ ಒಪ್ಪಿಗೆ. ಆಮೇಲೆ ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಯಾವ ಊರಾದರೂ ಸಾಮಾನ್ಯವಾಗಿ ನಡೆಯುವುದು ಇಷ್ಟು: ಹಳೇ ಅಗ್ರಿಮೆಂಟ್ ತೆಗೆದು ಅದರ ಹಿಂದುಗಡೆ ‘ಇನ್ನು 3 ವರ್ಷಕ್ಕೆ ಮುಂದುವರಿಸಿದೆ’ ಅಂತ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಕೆಲವರು ಅದನ್ನೂ ಮಾಡುವುದಿಲ್ಲ. ‘ಇರಿ ಇರಿ, ಏನು ಅವಸರ’ ಅನ್ನುತ್ತಾರೆ ಓನರ್. ಇವರೂ ಇದ್ದುಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಲೀಸ್ ಮುಂದುವರಿಸುವಾಗ ಮೊದಲು ನೋಡಬೇಕಾದ್ದು ಓನರ್ ಕೈಯಲ್ಲಿರುವ ನಿಮ್ಮ ದುಡ್ಡು. ಮನೆ ಇನ್ನೊಂದು ಸಿಗುತ್ತದೆ. ಚಿನ್ನ ಅಡ ಇಟ್ಟು, ಸಂಘದಲ್ಲಿ ಸಾಲ ಎತ್ತಿ ಜೋಡಿಸಿದ ಐದಾರು ಲಕ್ಷ ಒಂದು ಸಲ ಸಿಕ್ಕಿಹಾಕಿಕೊಂಡರೆ ಎಷ್ಟೋ ಸಂಸಾರಗಳಿಗೆ ಮತ್ತೆ ಅಷ್ಟು ಕೂಡಿಸಲು ಆಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಿಂದುಗಡೆ ಬರೆದ ಸಾಲು ಯಾಕೆ ಸಾಲದು

1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಮುಂದುವರಿಸುವುದಕ್ಕೂ ಇದೇ ನಿಯಮ. ನೋಂದಣಿ ಆಗದ ಪತ್ರದಲ್ಲಿ ‘3 ವರ್ಷ’ ಅಂತ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ, ಆ 3 ವರ್ಷಕ್ಕೆ ಸಾಕ್ಷಿಯಾಗಿ ಕೋರ್ಟ್ ಅದನ್ನು ತೆಗೆದುಕೊಳ್ಳುವುದಿಲ್ಲ. ಆಗ ನೀವು ತಿಂಗಳು ತಿಂಗಳ ಬಾಡಿಗೆದಾರರ ಲೆಕ್ಕಕ್ಕೆ ಬರುತ್ತೀರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಅಂಥವರನ್ನು ಬಿಡಿಸಲು 15 ದಿನದ ನೋಟಿಸ್ ಸಾಕು.

ತಿಂಗಳ ಬಾಡಿಗೆ ಕಟ್ಟುವವರ ಹತ್ತಿರ ಒಂದಿಷ್ಟು ರಶೀದಿಯೋ ಫೋನ್‌ಪೇ ದಾಖಲೆಯೋ ಇರುತ್ತದೆ. ಲೀಸ್‌ನವರಿಗೆ ಅದೂ ಇಲ್ಲ. ಮೂರು ವರ್ಷದ ಹಿಂದೆ ಒಂದು ದಿನ ದುಡ್ಡು ಕೊಟ್ಟಿದ್ದೀರಿ, ಆಮೇಲೆ ಕಾಗದದ ಮೇಲೆ ಏನೂ ನಡೆದಿಲ್ಲ. ಹಾಗಾಗಿ ಅವಧಿ ಮುಗಿದ ಮೇಲೆ ಸುಮ್ನೆ ಇದ್ದುಬಿಡುವುದು ಬಾಡಿಗೆಯವರಿಗಿಂತ ಲೀಸ್‌ನವರಿಗೆ ಜಾಸ್ತಿ ಅಪಾಯ.

ನೋಟರಿ ಸೀಲು ಹಾಕಿಸಿದ್ದೇವಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನೋಟರಿ ಬೇರೆ, ನೋಂದಣಿ ಬೇರೆ. ನೋಟರಿ ಮಾಡಿಸಿದ ಪತ್ರ ಇಸಿಯಲ್ಲಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಕಾಣಿಸುವುದಿಲ್ಲ. ನಾಳೆ ಓನರ್ ಆ ಫ್ಲಾಟ್ ಮಾರಲು ಹೋದರೆ, ಕೊಳ್ಳುವವರು ಇಸಿ ತೆಗೆದು ನೋಡಿದರೆ ನಿಮ್ಮ ಹೆಸರೇ ಇರುವುದಿಲ್ಲ. ನೋಂದಣಿ ಆಗಿದ್ದರೆ ಇರುತ್ತದೆ, ಕೊಂಡವರು ‘ನಮಗೆ ಗೊತ್ತಿರಲಿಲ್ಲ’ ಅನ್ನುವ ಹಾಗಿಲ್ಲ.

ಇನ್ನು 11 ತಿಂಗಳ ಅಗ್ರಿಮೆಂಟ್. ತಿಂಗಳ ಬಾಡಿಗೆ, ಸಣ್ಣ ಅಡ್ವಾನ್ಸ್ ಇರುವ ಮನೆಗೆ ಅದು ಪರವಾಗಿಲ್ಲ. ಪ್ರತಿ 11 ತಿಂಗಳಿಗೆ ಹೊಸ ಪತ್ರ ಮಾಡಿಸಿಕೊಂಡು ಹೋಗಬಹುದು. ಲಕ್ಷಗಟ್ಟಲೆ ಲೀಸ್ ದುಡ್ಡು ಕೊಟ್ಟವರಿಗೆ ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ನೋಂದಣಿಗೆ ಒಂದಿಷ್ಟು ಖರ್ಚು ಬರುತ್ತದೆ ನಿಜ. ಬರಲಿ.

ಯಾವಾಗ ಶುರು ಮಾಡಬೇಕು

ಅವಧಿ ಮುಗಿಯುವುದಕ್ಕೆ ಮೂರು ತಿಂಗಳ ಮುಂಚೆ ಮಾತು ತೆಗೆಯಿರಿ. ಮೊದಲು ಬಾಯಲ್ಲಿ, ಆಮೇಲೆ ವಾಟ್ಸಾಪಿನಲ್ಲಿ ಒಂದು ಮೆಸೇಜ್, ತಾರೀಖು ಸಮೇತ.

ಇಲ್ಲಿ ಕೊಡಗಿನವರು ಗಮನಿಸಬೇಕಾದ ಒಂದು ವಿಷಯ ಇದೆ. ನಮ್ಮಲ್ಲಿ ಎಷ್ಟೋ ಓನರ್‌ಗಳಿಗೆ ದೊಡ್ಡ ದುಡ್ಡು ಬರುವುದು ವರ್ಷಕ್ಕೆ ಒಂದೇ ಸಲ, ಕಾಫಿ ಮಾರಿದಾಗ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ, ಒಳ್ಳೇ ರೇಟಿಗೆ ಕಾದು ಮಾರುವಷ್ಟರಲ್ಲಿ ಮಾರ್ಚ್ ಏಪ್ರಿಲ್ ಆಗುತ್ತದೆ. ನಿಮ್ಮ ಲೀಸ್ ಆಗಸ್ಟ್‌ನಲ್ಲಿ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ‘ದುಡ್ಡು ಎಲ್ಲಿಗೆ ಹೋಗುತ್ತೆ, ಕಾಫಿ ಮಾರಿದ ಕೂಡ್ಲೇ ಕೊಟ್ಬಿಡ್ತೀನಿ’ ಅನ್ನುವ ಉತ್ತರ ಬಂದರೆ ಅದರಲ್ಲಿ ಮೋಸ ಇಲ್ಲ, ಆಗ ಅವರ ಕೈಯಲ್ಲಿ ನಿಜವಾಗಿಯೂ ದುಡ್ಡಿರುವುದಿಲ್ಲ. ನಿಮಗೆ ಮಾತ್ರ ಜಡಿಮಳೆಯಲ್ಲಿ, ಶಾಲೆ ಅರ್ಧದಲ್ಲಿ, ಇನ್ನೊಂದು ಮನೆಗೆ ಕೊಡಲು ಕಾಸಿಲ್ಲದ ಪರಿಸ್ಥಿತಿ.

ಆದ್ದರಿಂದ ಮುಂದುವರಿಸುವಾಗ ಕೊನೆಯ ತಾರೀಖನ್ನು ಏಪ್ರಿಲ್‌ಗೆ ತಂದುಕೊಳ್ಳಿ. ಸರಿಯಾಗಿ 3 ವರ್ಷವೇ ಆಗಬೇಕು ಅಂತ ಎಲ್ಲೂ ಇಲ್ಲ. 2 ವರ್ಷ 8 ತಿಂಗಳು ಅಂತ ಬರೆಸಿದರೂ ನಡೆಯುತ್ತದೆ. ಕಾಫಿ ದುಡ್ಡು ಬಂದಿರುತ್ತದೆ, ಮಕ್ಕಳಿಗೆ ರಜೆ, ಮಳೆ ಇನ್ನೂ ಶುರುವಾಗಿರುವುದಿಲ್ಲ. ಓನರ್‌ಗೂ ಇದು ಅನುಕೂಲ, ಹೇಳಿ ನೋಡಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಕಾಗದ ಮತ್ತೊಮ್ಮೆ ನೋಡಿ

ಮೊದಲ ಸಲ ಮನೆಗೆ ಬರುವಾಗ ಎಲ್ಲ ನೋಡಿದ್ದೆವಲ್ಲ ಅಂತ ಬಿಡಬೇಡಿ. ಮೂರು ವರ್ಷದಲ್ಲಿ ಏನು ಬೇಕಾದರೂ ಆಗಿರಬಹುದು. ಓನರ್ ಸಾಲ ತೆಗೆದಿರಬಹುದು, ಅಣ್ಣತಮ್ಮಂದಿರಲ್ಲಿ ಪಾಲಾಗಿರಬಹುದು, ಪತ್ರಕ್ಕೆ ಸಹಿ ಹಾಕಿದ ಹಿರಿಯರು ತೀರಿಕೊಂಡಿರಬಹುದು.

ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನಲ್ಲಿ ಇಸಿಗೆ ಅರ್ಜಿ ಹಾಕಿ. ನಿಮ್ಮ ಹಳೇ ಪತ್ರದ ತಾರೀಖಿಗಿಂತ ಹಿಂದಿನಿಂದ ಇವತ್ತಿನವರೆಗೆ ಕೇಳಿ. ವ್ಯವಹಾರಗಳು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಅಡಮಾನ, ಮಾರಾಟ, ವಿಭಾಗ ಪತ್ರ, ಏನಾಗಿದ್ದರೂ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಸಾಲ ಕೆಲವೊಮ್ಮೆ ಇಸಿಗೆ ಬಂದಿರುವುದಿಲ್ಲ. ಅದಕ್ಕೆ ಬ್ಯಾಂಕ್ ಅಡಮಾನಗಳ ದಾಖಲೆ ಇರುವ ಸೆರ್ಸಾಯ್ ಅನ್ನುವ ಕೇಂದ್ರದ ವೆಬ್‌ಸೈಟಿನಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಅಥವಾ ನೇರವಾಗಿ ಮೂಲ ಪತ್ರ ತೋರಿಸಿ ಅಂತ ಕೇಳಿ. ಜೆರಾಕ್ಸ್ ಮಾತ್ರ ಇದೆ ಅಂದರೆ ಮೂಲ ಎಲ್ಲಿದೆ ಅಂತ ಕೇಳಲೇಬೇಕು.

ಬ್ಯಾಂಕ್ ಸಾಲ ಇದ್ದರೆ ಮನೆ ಬಿಡಬೇಕು ಅಂತೇನೂ ಇಲ್ಲ. ಆದರೆ ಸಾಲ ಎಷ್ಟು ಬಾಕಿ, ಕಂತು ಸರಿಯಾಗಿ ಹೋಗುತ್ತಿದೆಯಾ ಅಂತ ಸ್ಟೇಟ್‌ಮೆಂಟ್ ನೋಡಿ, ಬ್ಯಾಂಕಿನ ಒಪ್ಪಿಗೆ ಪತ್ರ ತರಿಸಿಕೊಳ್ಳಿ. ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕ್ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ನೀವು ದುಡ್ಡು ಕೊಟ್ಟಿದ್ದು ಓನರ್‌ಗೆ, ಬ್ಯಾಂಕಿಗಲ್ಲ. ಬಾಗಿಲಿಗೆ ನೋಟಿಸ್ ಅಂಟಿಸಿದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ಜಾಸ್ತಿ ದುಡ್ಡು ಕೇಳುತ್ತಿರುವ ಓನರ್ ಸಾಲದ ವಿಷಯ ಬಂದಾಗ ಮಾತು ಬದಲಾಯಿಸಿದರೆ, ನಾನಾದರೆ ಆ ಮನೆ ಮುಂದುವರಿಸುವುದಿಲ್ಲ.

ಪೇಟೆಯಲ್ಲಾದರೆ ನಗರಸಭೆ ಅಥವಾ ಪುರಸಭೆಯ ಇ-ಖಾತಾ, ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಅಥವಾ 11, ಜೊತೆಗೆ ಈ ವರ್ಷ ಕಂದಾಯ ಕಟ್ಟಿದ ರಶೀದಿ. ಇಷ್ಟರಲ್ಲೂ ಒಂದೇ ಹೆಸರು ಇದೆಯಾ ನೋಡಿ.

ಪೇಟೆ ದಾಟಿದರೆ ಜಮ್ಮಾ ಬಾಣೆ, ಅಂದರೆ ತಲೆಮಾರುಗಳಿಂದ ಇಡೀ ಒಕ್ಕಕ್ಕೆ (ಒಂದೇ ಮನೆತನಕ್ಕೆ) ಸೇರಿ ಬಂದ ಜಾಗದ ಪ್ರಶ್ನೆ ಬರುತ್ತದೆ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಎಷ್ಟೋ ಕಡೆ ತಲೆಮಾರುಗಳ ಹಿಂದಿನ ಪಟ್ಟೇದಾರರ ಹೆಸರೇ ಇರುತ್ತದೆ. ಮನೆ ಕಟ್ಟಿದ್ದು ಒಬ್ಬರು, ಅನುಭವಿಸುತ್ತಿರುವುದು ಒಬ್ಬರು, ಜಾಗ ಮಾತ್ರ ಇಡೀ ಒಕ್ಕದ್ದು. ಇಂಥ ಕಡೆ ಒಬ್ಬರ ಸಹಿ ನಂಬಿಕೊಂಡು ಲಕ್ಷ ಕೊಡಬೇಡಿ. ಒಕ್ಕದಲ್ಲಿ ಹಕ್ಕಿರುವವರು ಯಾರು ಯಾರು ಅಂತ ತಿಳಿದುಕೊಂಡು, ಅವರೂ ಒಪ್ಪಿಗೆದಾರರಾಗಿ ಪತ್ರಕ್ಕೆ ಸಹಿ ಹಾಕಲಿ. ಓನರ್ ತೀರಿಕೊಂಡಿದ್ದರೆ ವಂಶವೃಕ್ಷದಲ್ಲಿರುವ ವಾರಸುದಾರರೆಲ್ಲರ ಸಹಿ ಬೇಕು. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ ಅಂತ ಅವರನ್ನು ಬಿಡುವ ಹಾಗಿಲ್ಲ.

ಓನರ್ ಸೈನ್ಯದಲ್ಲೋ, ಬೆಂಗಳೂರಲ್ಲೋ, ದುಬೈಯಲ್ಲೋ ಇದ್ದು ಇಲ್ಲಿ ತಮ್ಮನೋ ಭಾವನೋ ವ್ಯವಹಾರ ನೋಡಿಕೊಳ್ಳುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಆಗ ಓನರ್ ಅವರಿಗೆ ಬರೆದುಕೊಟ್ಟ ಜಿಪಿಎ, ಅಂದರೆ ಅಧಿಕಾರ ಪತ್ರ ಓದಿ, ಪೂರ್ತಿ ಓದಿ. ಲೀಸ್‌ಗೆ ಕೊಡುವ, ದುಡ್ಡು ತೆಗೆದುಕೊಳ್ಳುವ, ನೋಂದಣಿ ಮಾಡಿಸುವ ಅಧಿಕಾರ ಅದರಲ್ಲಿ ಬರೆದಿರಬೇಕು. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಅಲ್ಲಿಗೇ ಮುಗಿಯಿತು. ಏನೇ ಇರಲಿ, ದುಡ್ಡು ಮಾತ್ರ ಓನರ್ ಖಾತೆಗೇ ಹೋಗಲಿ.

ಇದನ್ನೆಲ್ಲ ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಪುತ್ತರಿ, ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕಿದವರ ಹತ್ತಿರ ಇಸಿ ಕೇಳುವುದು ಹೇಗೆ ಅಲ್ವಾ? ‘ಅಂಕಲ್, ಹೊಸ ಪತ್ರಕ್ಕೆ ಕಾಗದ ಎಲ್ಲ ಹೊಸದಾಗಿ ಬೇಕಂತೆ, ಲಾಯರ್ ಹೇಳಿದ್ರು’ ಅನ್ನಿ. ಲಾಯರಿಗೆ ನಿಜವಾಗಿಯೂ ತೋರಿಸಿ, ಆಗ ಹೇಳಿದ್ದು ಸುಳ್ಳಾಗುವುದಿಲ್ಲ.

ಓನರ್ ಜಾಸ್ತಿ ಕೇಳಿದರೆ

ಕೇಳುತ್ತಾರೆ. ಹೋಂ ಸ್ಟೇ ಮಾಡಿದರೆ ಇಷ್ಟು ಬರುತ್ತಿತ್ತು ಅನ್ನುವ ಮಾತೂ ಬರುತ್ತದೆ. ಸಿಟ್ಟಾಗುವ ಬದಲು ಒಂದು ಲೆಕ್ಕ ಹಾಕಿ. ಈಗ ನಿಮ್ಮದು 6 ಲಕ್ಷ ಇದೆ ಅನ್ನೋಣ, ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ ವರ್ಷಕ್ಕೆ ಶೇ 7 ಬಡ್ಡಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 42,000, ಅಂದರೆ ತಿಂಗಳಿಗೆ 3,500 ರೂಪಾಯಿ. ನೀವು ಈಗ ಕೊಡುತ್ತಿರುವ ನಿಜವಾದ ಬಾಡಿಗೆ ಅದು. ಓನರ್ 8 ಲಕ್ಷ ಮಾಡಿ ಅಂದರೆ ವರ್ಷಕ್ಕೆ 56,000, ತಿಂಗಳಿಗೆ ಹತ್ತಿರ ಹತ್ತಿರ 4,670. ಅದೇ ಬಿಲ್ಡಿಂಗಿನಲ್ಲಿ ಬಾಡಿಗೆ ಎಷ್ಟು ನಡೆಯುತ್ತಿದೆ ಅಂತ ವಿಚಾರಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆ 2 ಲಕ್ಷವನ್ನು ನೀವೇ ಶೇ 12ರ ಬಡ್ಡಿಗೆ ಸಾಲ ತರುವುದಾದರೆ ಅದಕ್ಕೇ ತಿಂಗಳಿಗೆ 2,000 ಹೋಗುತ್ತದೆ, ಆ ಲೆಕ್ಕವನ್ನೂ ಸೇರಿಸಿ.

ಅಷ್ಟು ಒಟ್ಟಿಗೆ ಕೊಡಲು ಆಗದಿದ್ದರೆ ಲೀಸ್ ದುಡ್ಡು ಹಾಗೇ ಇರಲಿ, ಮೇಲೆ ತಿಂಗಳಿಗೆ ಒಂದು ಸಾವಿರ ಕೊಡುತ್ತೇನೆ ಅಂತ ಹೇಳಬಹುದು. ನನಗೆ ಈ ದಾರಿ ಇಷ್ಟ. ಸಿಕ್ಕಿಹಾಕಿಕೊಳ್ಳಬಹುದಾದ ಮೊತ್ತ ಬೆಳೆಯುವುದಿಲ್ಲ, ಜೊತೆಗೆ ತಿಂಗಳು ತಿಂಗಳು ಬ್ಯಾಂಕಿನಲ್ಲಿ ದಾಖಲೆ ಬೀಳುತ್ತದೆ.

ಹೊಸದಾಗಿ ಕೊಡುವ ದುಡ್ಡು ಚೆಕ್ ಅಥವಾ ಆರ್‌ಟಿಜಿಎಸ್‌ನಲ್ಲೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಡೆಪಾಸಿಟ್ ನಗದಾಗಿ ತೆಗೆದುಕೊಳ್ಳುವುದು, ನಗದಾಗಿ ವಾಪಸು ಕೊಡುವುದು ಎರಡಕ್ಕೂ ಆದಾಯ ತೆರಿಗೆ ಕಾಯ್ದೆಯಲ್ಲಿ ತಡೆ ಇದೆ, ದಂಡವೂ ಇದೆ. ನಗದೇ ಬೇಕು ಅಂತ ಓನರ್ ಹಠ ಹಿಡಿದರೆ ಇದನ್ನೇ ಹೇಳಿ, ಅವರಿಗೂ ಒಳ್ಳೆಯದೇ.

ಪತ್ರದಲ್ಲಿ ಏನಿರಬೇಕು

ಪತ್ರ ಬರಹಗಾರರ ಹತ್ತಿರ ರೆಡಿ ಇರುವ ನಮೂನೆಯಲ್ಲಿ ಹೆಸರು, ತಾರೀಖು ಬದಲಾಯಿಸಿ ಕೊಡುತ್ತಾರೆ. ಅದು ಹೊಸ ಲೀಸ್‌ಗೆ ಬರೆದ ನಮೂನೆ. ಮುಂದುವರಿಸುವಾಗ ಮುಖ್ಯವಾದ ಒಂದು ಸಂಗತಿ ಅದರಲ್ಲಿ ಇರುವುದಿಲ್ಲ: ಹಳೇ ದುಡ್ಡು ಏನಾಯಿತು? ಹೊಸ ಪತ್ರದಲ್ಲಿ ಬರೀ 2 ಲಕ್ಷ ಅಂತ ಬಂದು, ಹಳೇ ಪತ್ರದ ಅವಧಿ ಮುಗಿದಿದ್ದರೆ, ನಾಳೆ ಆ 6 ಲಕ್ಷ ವಾಪಸು ಕೊಟ್ಟಾಗಿದೆ ಅಂತ ಯಾರಾದರೂ ವಾದ ಮಾಡಬಹುದು. ಅದಕ್ಕೆ ಈ ರೀತಿ ಒಂದು ಕಲಂ ಹಾಕಿಸಿ (ಒಂದನೇ ಪಾರ್ಟಿ ಅಂದರೆ ಓನರ್, ಎರಡನೇ ಪಾರ್ಟಿ ಅಂದರೆ ನೀವು):

‘ದಿನಾಂಕ ......ರ ಪತ್ರದ ಮೇರೆಗೆ ಎರಡನೇ ಪಾರ್ಟಿಯವರು ಬ್ಯಾಂಕ್ ಮೂಲಕ ಕೊಟ್ಟಿರುವ ರೂ. 6,00,000 ಒಂದನೇ ಪಾರ್ಟಿಯವರ ಬಳಿಯೇ ಇದ್ದು, ಸದರಿ ಮೊತ್ತವನ್ನು ಈ ಪತ್ರದ ಲೀಸ್ ಮೊತ್ತದ ಭಾಗವಾಗಿ ಮುಂದುವರಿಸಲಾಗಿದೆ. ಈ ದಿನ ಹೆಚ್ಚುವರಿಯಾಗಿ ರೂ. 2,00,000 ಬ್ಯಾಂಕ್ ವರ್ಗಾವಣೆ ಮೂಲಕ ಸಂದಾಯವಾಗಿದ್ದು, ಒಟ್ಟು ಲೀಸ್ ಮೊತ್ತ ರೂ. 8,00,000 ಆಗಿರುತ್ತದೆ.’

ಇನ್ನೊಂದು ಕಲಂ ವಾಪಸಾತಿಯದ್ದು:

‘ಲೀಸ್ ಮೊತ್ತ ಪೂರ್ತಿ ವಾಪಸು ಸಂದಾಯವಾಗುವವರೆಗೆ ಷೆಡ್ಯೂಲ್ ಮನೆಯ ಸ್ವಾಧೀನ ಎರಡನೇ ಪಾರ್ಟಿಯವರಲ್ಲೇ ಇರತಕ್ಕದ್ದು. ಸದರಿ ಅವಧಿಗೆ ಬಾಡಿಗೆ ಕೊಡಬೇಕಾಗಿರುವುದಿಲ್ಲ. ಒಂದನೇ ಪಾರ್ಟಿಯವರು ಮನೆಯನ್ನು ಪರಭಾರೆ ಮಾಡಿದಲ್ಲಿ ಈ ಷರತ್ತುಗಳು ಖರೀದಿದಾರರಿಗೂ ಅನ್ವಯವಾಗತಕ್ಕದ್ದು.’

ಮೊತ್ತ ತೀರಾ ದೊಡ್ಡದಾಗಿದ್ದರೆ ಲೀಸ್ ಬದಲು ಸ್ವಾಧೀನ ಸಹಿತ ಭೋಗ್ಯ ಅಡಮಾನ ಪತ್ರವನ್ನೇ ಮಾಡಿಸಬಹುದಾ ಅಂತ ಲಾಯರನ್ನು ಕೇಳಿ. ಅದರಲ್ಲಿ ದುಡ್ಡಿಗೆ ಮನೆಯೇ ಭದ್ರತೆ, ಸಾಲ ತೀರುವವರೆಗೆ ಸ್ವಾಧೀನ ನಿಮ್ಮದು ಅಂತ ಕಾನೂನೇ ಹೇಳುತ್ತದೆ. ಅದೂ ನೋಂದಣಿ ಆಗಬೇಕು, ಮುದ್ರಾಂಕ ಶುಲ್ಕದ ಲೆಕ್ಕ ಬೇರೆ.

ಮೇಂಟೆನೆನ್ಸ್ ಯಾರು ಕಟ್ಟಬೇಕು, ಪಾರ್ಕಿಂಗ್ ಯಾವುದು, ಮಧ್ಯದಲ್ಲಿ ಬಿಡುವುದಾದರೆ ಎಷ್ಟು ತಿಂಗಳ ನೋಟಿಸ್, ಇವನ್ನೂ ಬರೆಸಿ. ಮನೆಯನ್ನು ಹೋಂ ಸ್ಟೇ ಮಾಡಬೇಕು ಅನ್ನುವ ಕಾರಣಕ್ಕೆ ಮಧ್ಯದಲ್ಲಿ ಬಿಡಿಸುವ ಹಾಗಿಲ್ಲ ಅಂತಲೂ ಬರೆಸುವುದು ಒಳ್ಳೆಯದು.

ಮಳೆಯ ವಿಷಯ

ನಮ್ಮ ಊರಿನ ಲೀಸ್ ಪತ್ರದಲ್ಲಿ ಮಳೆಯ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ ಅನ್ನುವುದು ನನಗೆ ತುಂಬಾ ಬೇಜಾರಿನ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ನೀರು ಕುಡಿಯುತ್ತದೆ, ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ, ಮೇಲಿನ ಮಹಡಿಯವರಿಗೆ ಸೀಲಿಂಗ್ ಸೋರುತ್ತದೆ. ರಿಪೇರಿ ಓನರ್ ಮಾಡಿಸಬೇಕು ಅಂತ ಪತ್ರದಲ್ಲಿ ಇಲ್ಲದಿದ್ದರೆ ಅವರು ಮಾಡಿಸಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಪತ್ರದಲ್ಲಿದ್ದು, ನೀವು ತಿಳಿಸಿದ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನಲ್ಲಿ ಅವಕಾಶ ಇದೆ. ಓನರ್ ನಿಮ್ಮ ಮಾತು ಕಿವಿಗೆ ಹಾಕಿಕೊಳ್ಳುವುದು ಸಹಿ ಹಾಕುವ ಮುಂಚೆ. ಹಿಂದಿನ ಮಳೆಗಾಲದಲ್ಲಿ ಸೋರಿದ ಜಾಗಗಳ ಫೋಟೋ ತೋರಿಸಿ, ಮೇ ತಿಂಗಳ ಒಳಗೆ ವಾಟರ್‌ಪ್ರೂಫಿಂಗ್ ಆಗಬೇಕು ಅಂತ ತಾರೀಖು ಹಾಕಿಯೇ ಬರೆಸಿ.

2018ರ ಆಗಸ್ಟ್ ಯಾರೂ ಮರೆತಿಲ್ಲ. ಗುಡ್ಡ ಕುಸಿದು ಎಷ್ಟೋ ಮನೆ ಹೋಯಿತು, ಮಡಿಕೇರಿ ಪೇಟೆಯ ಒಳಗೇ ಬಡಾವಣೆಗಳು ಖಾಲಿಯಾದವು. ಅಂಥ ಮನೆಯಲ್ಲಿ ಲೀಸ್‌ಗೆ ಇದ್ದವರ ದುಡ್ಡಿನ ಗತಿ ಏನು? ಅದೇ 108ನೇ ಕಲಂ ಪ್ರಕಾರ ಬೆಂಕಿ, ಬಿರುಗಾಳಿ, ಪ್ರವಾಹದಂಥ ತಡೆಯಲಾಗದ ಕಾರಣದಿಂದ ಮನೆ ಪೂರ್ತಿ ಹಾಳಾದರೆ ಅಥವಾ ಶಾಶ್ವತವಾಗಿ ವಾಸಕ್ಕೆ ಯೋಗ್ಯವಲ್ಲದಂತಾದರೆ, ಬಾಡಿಗೆದಾರರು ಬಯಸಿದರೆ ಲೀಸ್ ರದ್ದಾಗುತ್ತದೆ. ದುಡ್ಡು ಎಷ್ಟು ದಿನದಲ್ಲಿ ವಾಪಸು ಬರಬೇಕು ಅನ್ನುವುದನ್ನು ನೀವೇ ಪತ್ರದಲ್ಲಿ ಬರೆಸಿಕೊಳ್ಳಬೇಕು. ‘ಮಳೆ, ಭೂಕುಸಿತದಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತಾದರೆ ಅಥವಾ ಮನೆ ಖಾಲಿ ಮಾಡಲು ಸರ್ಕಾರ ಆದೇಶಿಸಿದರೆ 90 ದಿನದೊಳಗೆ ಪೂರ್ತಿ ಮೊತ್ತ ವಾಪಸು’ ಅನ್ನುವ ಒಂದು ಸಾಲು ಸಾಕು. ಇಳಿಜಾರಿನಲ್ಲಿ, ಗುಡ್ಡದ ಬರೆ ಕಡಿದು ಕಟ್ಟಿದ ಬಿಲ್ಡಿಂಗ್ ಆದರೆ ಈ ಸಾಲು ಇಲ್ಲದೆ ಸಹಿ ಹಾಕಲೇಬೇಡಿ.

ನೋಂದಣಿ

ಕಾವೇರಿ 2.0ರಲ್ಲಿ ಲಾಗಿನ್ ಮಾಡಿ ಪತ್ರದ ಕರಡು, ಎರಡೂ ಕಡೆಯವರ ವಿವರ, ಖಾತಾ ಎಲ್ಲ ಅಪ್‌ಲೋಡ್ ಮಾಡಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯವರು ಪರಿಶೀಲಿಸಿದ ಮೇಲೆ ಶುಲ್ಕ ತೋರಿಸುತ್ತದೆ. ಆನ್‌ಲೈನ್‌ನಲ್ಲೇ ಕಟ್ಟಿ, ಹೋಗುವ ದಿನ, ಸಮಯ ಬುಕ್ ಮಾಡಬೇಕು. ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಬಾಡಿಗೆ ಮಾತ್ರ ಅಲ್ಲ, ಲೀಸ್ ದುಡ್ಡೂ ಬರುತ್ತದೆ. ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಮೊತ್ತ ತೋರಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪತ್ರದಲ್ಲಿ ಎಷ್ಟಿದೆಯೋ ಅಷ್ಟೇ ನೀವು ಕೇಳಲು ಸುಲಭ. ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟಿಗೆ ಹಾಜರುಪಡಿಸಿದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಬೀಳುತ್ತದೆ.

ಆ ದಿನ ಓನರ್, ನೀವು, ಇಬ್ಬರು ಸಾಕ್ಷಿಗಳು ಆಧಾರ್ ಸಮೇತ ಹೋಗಿ. ಫೋಟೋ, ಹೆಬ್ಬೆಟ್ಟು ಅಲ್ಲೇ ತೆಗೆಯುತ್ತಾರೆ. ಪತ್ರಕ್ಕೆ ಸಹಿ ಬಿದ್ದ ದಿನದಿಂದ 4 ತಿಂಗಳ ಒಳಗೆ ನೋಂದಣಿಗೆ ಹಾಜರುಪಡಿಸಬೇಕು, ಆದರೆ ಅಷ್ಟು ಕಾಯಬೇಡಿ. ಓನರ್‌ಗೆ ಬೆಂಗಳೂರಿನಿಂದ ಬರಬೇಕಾದರೆ ಹಬ್ಬಕ್ಕೆ ಬರುವಾಗಲೇ ದಿನ ಗೊತ್ತು ಮಾಡಿಕೊಳ್ಳಿ. ಹೆಚ್ಚುವರಿ ದುಡ್ಡು ನೋಂದಣಿಯ ದಿನವೇ ವರ್ಗಾವಣೆ ಆಗಲಿ, ಅದಕ್ಕೆ ಮುಂಚೆ ಬೇಡ. ಉಚಿತ ಕರೆಂಟಿನ ಗೃಹಜ್ಯೋತಿಗೆ ಹಳೇ ಅಗ್ರಿಮೆಂಟ್ ಕೊಟ್ಟಿದ್ದವರು ಹೊಸದರ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ, ವಿದ್ಯುತ್ ಕಂಪನಿ ಚೆಸ್ಕಾಂನವರು ಕೇಳಿದರೆ ಬೇಕಾಗುತ್ತದೆ.

ಒಪ್ಪದಿದ್ದರೆ, ದುಡ್ಡು ಬರದಿದ್ದರೆ

ನೋಂದಣಿ ಮಾತ್ರ ಬೇಡ ಅನ್ನುವ ಓನರ್‌ಗಳು ಇದ್ದಾರೆ. ಕಾರಣ ಕೇಳಿ. ಖರ್ಚಿನ ಚಿಂತೆಯಾದರೆ ನಾವೇ ಕೊಡುತ್ತೇವೆ ಅನ್ನಿ. ಆಗಲೂ ಬೇಡ ಅಂದರೆ ದುಡ್ಡು ವಾಪಸು ಕೇಳಿ ಬೇರೆ ಮನೆ ನೋಡುವುದೇ ಸರಿ.

ಅವಧಿ ಮುಗಿದರೂ ದುಡ್ಡು ಬಾರದಿದ್ದರೆ ಬೀಗದ ಕೈ ಕೊಡಬೇಡಿ. ಅರ್ಧ ಈಗ, ಅರ್ಧ ಆಮೇಲೆ ಅಂದರೂ ಕೊಡಬೇಡಿ. ವಕೀಲರ ಮೂಲಕ ನೋಟಿಸ್ ಕಳಿಸಿ. ದುಡ್ಡಿನ ದಾವೆಗೆ ಸಾಮಾನ್ಯವಾಗಿ ವಾಯಿದೆ ದಿನದಿಂದ 3 ವರ್ಷ ಮಾತ್ರ ಕಾಲ, ಸಂಬಂಧ ಕೆಡುತ್ತದೆ ಅಂತ ನೋಡುತ್ತಾ ಕೂತರೆ ಅದು ದಾಟಿಹೋಗುತ್ತದೆ. ವಕೀಲರಿಗೆ ಕೊಡಲು ಇಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಲೋಕ ಅದಾಲತ್‌ನಲ್ಲಿ ಕಂತು ಮಾಡಿಸಿ ಮುಗಿಸಿದರೂ ಅದು ಕೋರ್ಟ್ ಡಿಕ್ರಿಗೆ ಸಮ.

ನೋಂದಣಿಯಾಗಿ ಕೆಲವು ದಿನ ಬಿಟ್ಟು ಇನ್ನೊಂದು ಇಸಿ ತೆಗೆಯಿರಿ. ಅದರಲ್ಲಿ ನಿಮ್ಮ ಹೆಸರು, ಅವಧಿ, ಮೊತ್ತ ಸರಿಯಾಗಿ ಬಂದಿದೆಯಾ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಬೇಕು. ಮೂಲ ಪತ್ರ ಪ್ಲಾಸ್ಟಿಕ್ ಕವರ್ ಒಳಗೆ, ಗೋಡೆಗೆ ತಾಗದ ಜಾಗದಲ್ಲಿ ಇರಲಿ. ಹಳೇ ಪತ್ರವನ್ನೂ ಅದರ ಜೊತೆಗೇ ಇಡಿ, ಮೊದಲ 6 ಲಕ್ಷ ಕೊಟ್ಟ ದಾಖಲೆ ಅದರಲ್ಲೇ ಇರುವುದು.